ಕೀಳಬಾರದ ತೆನೆ

ವಿಮಾನ ನಿಲ್ದಾಣ

ಬಫಾತ್ ಮಸಾಲೆ ಪುಡಿಯ ಮೇಲೆ ಅಧಿಕಾರಿಗೆ ಅನುಮಾನ ಬಂದೀತೆಂದು ನಾನು ಹೆದರಿದ್ದೆ. ಅವನು ಅದನ್ನು ಮೂಸಿ ನೋಡಿ ಬದಿಗಿಟ್ಟ. ತಂಗಿಗೆಂದು ಹೊಲಿದ ಎರಡು ಚೂಡಿದಾರ, ನನ್ನ ಅಳತೆ ಟೇಪು, ಪ್ಲಾಸ್ಟಿಕ್ ಫೈಲಿನೊಳಗಿದ್ದ ಒಂದು ಒಪ್ಪಿಗೆ ಪತ್ರ, ಎಲ್ಲವನ್ನೂ ಬದಿಗಿಟ್ಟ. ಕೊನೆಗೆ ಪ್ರಾರ್ಥನೆಯ ಪುಸ್ತಕವನ್ನು ಬಿಡಿಸಿದ. ಅದರ ಹಾಳೆಗಳ ನಡುವೆ ಒಣಗಿದ ಐದು ಭತ್ತದ ತೆನೆಗಳಿದ್ದವು.

“ಇದು ಬೀಜ,” ಎಂದ.

“ಆಶೀರ್ವಾದ ಮಾಡಿದ್ದು,” ಎಂದೆ.

ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಸೆಪ್ಟೆಂಬರ್ ಎಂಟಕ್ಕೆ ತೆನೆ ಹಬ್ಬ. ಅದು ಮಾತೆ ಮರಿಯಳ ಹುಟ್ಟಿದ ದಿನ. ಅದಕ್ಕೆ ಮುಂಚಿನ ಒಂಬತ್ತು ದಿನ ನೊವೆನಾ ಪ್ರಾರ್ಥನೆ, ದಿನಾ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಅವಳ ಮುಂದೆ ಸುರಿಯುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಕಾಳು ಸುಲಿದು ಪಾಯಸಕ್ಕೆ ಹಾಕಿ ಎಲ್ಲರೂ ಒಟ್ಟಿಗೆ ಉಣ್ಣುವುದು ಪದ್ಧತಿ. ದೂರದಲ್ಲಿರುವವರಿಗೆ ಅವರ ಪಾಲಿನ ತೆನೆಯನ್ನು ಕಳಿಸಲೇಬೇಕು. ನನ್ನ ತಂಗಿ ಲೀನಾ ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ ಪ್ರತಿ ವರ್ಷ ಯಾರದಾದರೂ ಕೈಯಲ್ಲಿ ಒಂದು ತೆನೆ ಹೋಗುತ್ತಿತ್ತು. ಅಮೆರಿಕಕ್ಕೆ ಹೋದ ಮೇಲೆ ಅದು ನಿಂತಿತ್ತು. ಈ ಸಲ ನಾನೇ ಹೊರಟಿದ್ದರಿಂದ ಕಳೆದ ವರ್ಷದ ತೆನೆಗಳನ್ನು ತಂದಿದ್ದೆ.

ಅಧಿಕಾರಿ ಒರಟನಲ್ಲ. ತೆನೆಗಳನ್ನು ಒಂದೊಂದಾಗಿ ಎತ್ತಿ ಬಿಳಿಯ ಕಾಗದದ ಮೇಲಿಟ್ಟ. “ಹೊರಗಿನ ಬೀಜ ಇಲ್ಲಿಯ ಮಣ್ಣಿಗೆ ಬಿದ್ದರೆ ಏನಾಗುತ್ತದೆಂದು ನಮಗೆ ಗೊತ್ತಿಲ್ಲ, ಮೇಡಂ. ಗೊತ್ತಾಗುವಾಗ ತಡವಾಗಿರುತ್ತದೆ,” ಎಂದ. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಹಿಂದಿರುಗಿಸಿದ. ಹಾಳೆಗಳ ಮೇಲೆ ತೆನೆಗಳ ಕಂದು ಗುರುತು ಮಾತ್ರ ಉಳಿದಿತ್ತು.

ಸೇತುವೆ

“ಅಂತೂ ನೀನೂ ಗಲ್ಫಿಗೆ ಬಂದೆ ನೋಡು ಅಕ್ಕ,” ಎಂದಳು ಲೀನಾ, ಕಾರು ಓಡಿಸುತ್ತ. ಅಲ್ಲಿಯ ಕಡಲಿಗೂ ಅದೇ ಹೆಸರು. ಫ್ಲೋರಿಡಾದ ಪಶ್ಚಿಮದ ಕರಾವಳಿ ಅದು. ನೆಲಕ್ಕೂ ಕಡಲಿಗೂ ನಡುವೆ ಮರಳಿನ ಸಣ್ಣ ದ್ವೀಪಗಳು ಸಾಲಾಗಿ ಮಲಗಿವೆ. ಅಂಥದ್ದೊಂದರ ಮೇಲೆ ಅವಳ ಬಾಡಿಗೆ ಮನೆ. ನೆಲದಿಂದ ದ್ವೀಪಕ್ಕೆ ಉದ್ದದ ಸೇತುವೆ ಉಂಟು. ಸೇತುವೆಯ ನೆತ್ತಿಯಿಂದ ಇಡೀ ದ್ವೀಪ ಒಮ್ಮೆಲೇ ಕಾಣುತ್ತದೆ. ಒಂದು ಪಕ್ಕ ಅಲೆಯಿಲ್ಲದ ನೀರು, ಇನ್ನೊಂದು ಪಕ್ಕ ಕಡಲು, ನಡುವೆ ಸೀರೆಯ ಅಂಚಿನಷ್ಟು ನೆಲ.

ನನ್ನ ಕೈ ಸೀಟಿನ ಅಂಚನ್ನು ಹಿಡಿದುಕೊಂಡಿತು. ನಾನು ಬಂದ ಊರೂ ಹಾಗೆಯೇ ಇದೆ. ಮಂಗಳೂರು ನಗರದ ಉತ್ತರಕ್ಕೆ, ನದಿಗೂ ಕಡಲಿಗೂ ನಡುವಿನ ಮರಳಿನ ಪಟ್ಟಿಯಲ್ಲಿ, ನಮ್ಮಿಬ್ಬರ ಹೆಸರಿನಲ್ಲಿ ಒಂದು ಮನೆಯಿದೆ.

ಅಲ್ಲಿ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ಜೂನ್ ತಿಂಗಳ ಒಂದು ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ನೆಲದ ಮೇಲೆ ಒಂದು ಗೆರೆ ಕಂಡಿತು. ಕೂದಲೆಂದು ಕಾಲಿನಿಂದ ಸರಿಸಿದೆ. ಅದು ಸರಿಯಲಿಲ್ಲ. ಇನ್ನೊಮ್ಮೆ ನೋಡುವಾಗ ಅದರೊಳಗೆ ಬೆರಳು ಹೋಗುವಷ್ಟು ಸಂದಿತ್ತು. ನಾನು ಜಾಲರಿಯನ್ನು ಹಿಡಿದುಕೊಂಡೇ ಹಾಲಿಗೆ ಬಂದೆ. ತಿರುಗಿ ನೋಡಿದಾಗ ಪಶ್ಚಿಮದ ಗೋಡೆ ಇರಲಿಲ್ಲ. ಗೋಡೆ ಇದ್ದಲ್ಲಿ ಕಡಲಿತ್ತು. ನನ್ನ ಅತ್ತೆ ಕೊಟ್ಟ ರುಬ್ಬುವ ಕಲ್ಲು ಒಮ್ಮೆ ಪಕ್ಕಕ್ಕೆ ವಾಲಿತು, ಆಮೇಲೆ ಅದೂ ಇರಲಿಲ್ಲ. ಜಾಲರಿಯಿಂದ ಚಹಾ ನೆಲಕ್ಕೆ ತೊಟ್ಟಿಕ್ಕುತ್ತಿದ್ದುದನ್ನು ನೋಡುತ್ತ ನಿಂತಿದ್ದೆ.

ಅಂದಿನಿಂದ ದೇರೆಬೈಲಿನಲ್ಲಿ ಸೋದರತ್ತೆಯ ಮಗಳ ಮನೆಯ ಮಾಳಿಗೆಯಲ್ಲಿದ್ದೆ. ಕಂಕನಾಡಿಯಲ್ಲಿ ನನ್ನ ಹೊಲಿಗೆ ಅಂಗಡಿ. ಮೂವತ್ತು ವರ್ಷ ಮದುವೆಯ ಗೌನು ಹೊಲಿದ ಕೈ ಜೂನಿನ ನಂತರ ಸೂಜಿಗೆ ನೂಲು ಪೋಣಿಸಲೂ ನಡುಗುತ್ತಿತ್ತು. ನಂತೂರಿನಲ್ಲಿ ಬಸ್ಸು ಸಿಕ್ಕಿಬಿದ್ದಾಗಲೆಲ್ಲ ಕಪ್ಪು ಬಂಡೆ ಹೇರಿದ ಲಾರಿಗಳು ಪಕ್ಕದಲ್ಲಿ ನಿಲ್ಲುತ್ತಿದ್ದವು. ಕಡಲಿಗೆ ಗೋಡೆ ಕಟ್ಟಲು ಹೋಗುವ ಕಲ್ಲು. ಅದನ್ನು ನೋಡಿದರೆ ನನಗೆ ಧೈರ್ಯ ಬರುತ್ತಿತ್ತು.

ನಮ್ಮ ಮನೆಯ ಹಿಂದೆ ಏಳು ಮನೆಗಳಿವೆ. ಹತ್ತಿರದ ಮನೆ ಹಮೀದಾಕನದು. ಊರಿನ ಬಾಯಲ್ಲಿ ಅವರು ಹಮೀದಾಕ. ಮೀನಿನ ಬಲೆ, ಹಗ್ಗ ಮಾರುವ ಬ್ಯಾರಿ ವ್ಯಾಪಾರಿ, ನಮ್ಮ ಕಡೆಯ ಹಿರಿಯರು. ಕಲ್ಲಿನ ಗೋಡೆಗೆ ಓಡಾಡಿ ಮಂಜೂರು ಮಾಡಿಸಿದವರು ಅವರೇ. ಆದರೆ ಕಲ್ಲು ಕಡಲಿಗೆ ತಲುಪಬೇಕಾದರೆ ಲಾರಿಗಳು ನಮ್ಮ ಅಂಗಳವನ್ನು ದಾಟಬೇಕು, ಎದುರಿನ ಮರಳನ್ನು ಸಮ ಮಾಡಬೇಕು. ಅದಕ್ಕೆ ಇಬ್ಬರು ವಾರಸುದಾರರ ಸಹಿ ಬೇಕು. ನಾನು ಹೊರಡುವ ಹಿಂದಿನ ದಿನ ಹಮೀದಾಕ ಅಂಗಡಿಗೇ ಬಂದು ಪತ್ರ ಕೊಟ್ಟು, “ಬಾಯಮ್ಮ, ನೀವು ಅಮೆರಿಕದಿಂದ ಚಾಕಲೇಟು ತರುವುದು ಬೇಡ, ತಂಗಿಯ ಸೈನ್ ತನ್ನಿ ಸಾಕು,” ಎಂದಿದ್ದರು. ಬಾಯಮ್ಮ ಎಂದರೆ ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವ ಮರ್ಯಾದೆಯ ಮಾತು.

ಪತ್ರವನ್ನು ಮೊದಲ ಸಂಜೆಯೇ ಮೇಜಿನ ಮೇಲಿಟ್ಟೆ. ಲೀನಾ ಎರಡು ಸಲ ಓದಿದಳು.

“ಹಬ್ಬದ ದಿನ ಸೈನ್ ಮಾಡ್ತೇನೆ. ಅಷ್ಟರವರೆಗೆ ಒಂಬತ್ತು ದಿನ ಇಲ್ಲಿ ನೋಡು.”

“ನೋಡ್ಲಿಕ್ಕೆ ಎಂತ ಉಂಟು? ಪೆನ್ನು ಕೊಡ್ತೇನೆ, ಈಗಲೇ ಮಾಡು.”

“ನೀನು ಹುಕ್ಕಿಗೆ ಕಾಜ ಮಾಡುವಾಗ ಯಾರಾದ್ರೂ ಅರ್ಜೆಂಟ್ ಮಾಡಿದ್ರೆ ಎಂತ ಹೇಳ್ತೀ?” ಎಂದು ಪತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತದಿಂದ ಅಂಟಿಸಿಬಿಟ್ಟಳು.

ನೊವೆನಾದ ಮೊದಲ ದಿನ

ಆ ಮನೆ ಹದಿನಾರು ಕಂಬಗಳ ಮೇಲೆ ನಿಂತಿದೆ. ಕೆಳಗೆ ಕಾರು, ಮೇಲೆ ಸಂಸಾರ. ಅಲ್ಲಿ ಯಾರೂ ಅಂಗಳ ಗುಡಿಸುವುದಿಲ್ಲ. ಅಂಗಳವೆಂದರೆ ಮರಳು, ಹುಲ್ಲು, ಚಿಪ್ಪು, ಬಿದ್ದದ್ದು ಬಿದ್ದ ಹಾಗೆ. ಮೊದಲ ದಿನವೇ ನಾನು ಗುಡಿಸಲು ಹೊರಟಾಗ ಲೀನಾ ಪೊರಕೆ ಕಸಿದುಕೊಂಡಳು. ದಾರಿಯಲ್ಲಿ ಸಿಕ್ಕವರೆಲ್ಲ ಶುಭೋದಯ ಹೇಳುತ್ತಾರೆ, ಹೇಳಿ ಹೊರಟುಹೋಗುತ್ತಾರೆ. ಯಾರ ಮನೆಯವಳು, ಯಾಕೆ ಬಂದೆ, ಎಷ್ಟು ದಿನ ಇರುತ್ತೀ ಎಂದು ಒಬ್ಬರೂ ಕೇಳಲಿಲ್ಲ. ನಮ್ಮ ಬಸ್ಸಿನಲ್ಲಿ ಕಂಕನಾಡಿ ತಲುಪುವುದರೊಳಗೆ ಪಕ್ಕದವಳಿಗೆ ನನ್ನ ರಕ್ತದೊತ್ತಡ ಎಷ್ಟೆಂಬುದೂ ತಿಳಿದಿರುತ್ತದೆ.

ಮನೆಯಿಂದ ಕಡಲಿಗೆ ಮರದ ಹಲಗೆಯ ಕಾಲುದಾರಿ. ಅದು ನೆಲಕ್ಕೆ ತಾಗದೆ ಮರಳಿನ ದಿಬ್ಬದ ಮೇಲಿಂದ ಹಾದು ಹೋಗುತ್ತದೆ. ಎರಡೂ ಪಕ್ಕ ಹಗ್ಗ. ನಾನು ಹೆಜ್ಜೆಯಿಂದ ಅಳೆದೆ. ನನ್ನ ಒಂದು ಹೆಜ್ಜೆ ಇಪ್ಪತ್ತಾರು ಇಂಚು. ಮನೆಯ ಕಂಬದಿಂದ ನೀರಿಗೆ ನೂರ ಹದಿನೆಂಟು ಹೆಜ್ಜೆ, ಅದರಲ್ಲಿ ಐವತ್ತೆರಡು ಹೆಜ್ಜೆ ಬರೀ ದಿಬ್ಬ. ನಮ್ಮ ಮನೆಯ ಹಾಲಿನ ಹೊಸಿಲಿನಿಂದ ಕಡಲಿಗೆ ನಾನು ಹೊರಡುವಾಗ ಹನ್ನೊಂದು ಹೆಜ್ಜೆ ಉಳಿದಿತ್ತು.

“ಎಂತ ಅಕ್ಕ, ಅಮೆರಿಕ ನೋಡ್ಲಿಕ್ಕೆ ಬಂದದ್ದಾ, ಅದಕ್ಕೆ ಬ್ಲೌಸ್ ಹೊಲೀಲಿಕ್ಕೆ ಬಂದದ್ದಾ?” ಎಂದು ಲೀನಾ ಹಿಂದಿನಿಂದ ನಕ್ಕಳು.

ದಿಬ್ಬದ ತಲೆಯ ಮೇಲೆ ಉದ್ದ ಕಡ್ಡಿಯ ಹುಲ್ಲು. ಅದರ ತುದಿಯಲ್ಲಿ ಚಿನ್ನದ ಬಣ್ಣದ ತೆನೆ. ಇಳಿಜಾರಿನಲ್ಲಿ ನನಗೆ ಗುರುತು ಹತ್ತಿದ ಒಂದು ಬಳ್ಳಿಯಿತ್ತು. ಆಡಿನ ಗೊರಸಿನ ಹಾಗೆ ನಡುವೆ ಸೀಳಿದ ದಪ್ಪ ಎಲೆ, ನೇರಳೆ ಬಣ್ಣದ ತುತ್ತೂರಿ ಹೂ. ನಮ್ಮ ಅಡುಂಬು ಬಳ್ಳಿ! ಹತ್ತು ಸಾವಿರ ಮೈಲು ಬಂದು, ನಮ್ಮ ಹಿತ್ತಲಿನ ಕಸವನ್ನು ಹಗ್ಗದ ಒಳಗೆ ರಾಜಮರ್ಯಾದೆಯಲ್ಲಿ ಇಟ್ಟದ್ದನ್ನು ನೋಡಿದೆ.

“ನಮ್ಮ ದಿಬ್ಬವೂ ಇಷ್ಟೇ ಎತ್ತರ ಇತ್ತಲ್ವಾ?” ಎಂದು ಲೀನಾ ಕೇಳಿದಳು.

ನಾನು ಬಗ್ಗಿ ನೇರಳೆ ಹೂವನ್ನು ನೋಡತೊಡಗಿದೆ. ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ. ನಮ್ಮ ಮನೆಯ ಎದುರಿನ ದಿಬ್ಬ ಇರಲಿಲ್ಲ. ಅದನ್ನು ಕಡಲು ಒಯ್ದದ್ದಲ್ಲ, ನಾನು ತೆಗೆಸಿದ್ದು. ಎರಡು ವರ್ಷದ ಹಿಂದೆ ಮಗಳ ಮದುವೆ. ಮದುವೆಯ ಹಿಂದಿನ ದಿನ ಹುಡುಗಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೆ ಚಪ್ಪರ ಹಾಕಬೇಕಿತ್ತು. ಚಪ್ಪರದಲ್ಲಿ ಕುಳಿತವರಿಗೆ ಕಡಲು ಕಾಣಬೇಕೆಂದು ನನಗೆ ಆಸೆ. ಜೆಸಿಬಿ ತರಿಸಿದೆ. ಅರ್ಧ ದಿನದ ಕೆಲಸ. ಬಳ್ಳಿ, ಹುಲ್ಲು, ನನ್ನ ಭುಜದ ಎತ್ತರದ ಮರಳು, ಎಲ್ಲ ನೆಲಸಮವಾಯಿತು. ಲೀನಾಳಿಗೆ ರಜೆ ಸಿಗದೆ ಮದುವೆಗೆ ಬರಲಾಗಲಿಲ್ಲ. ಅವಳಿಗೆ ಕಳಿಸಿದ ಫೋಟೋಗಳಲ್ಲಿ ಮಗಳ ಹಿಂದೆ ಸೂರ್ಯ ಕಡಲಿಗೆ ಇಳಿಯುತ್ತಿದ್ದಾನೆ. ಎಲ್ಲರೂ ಚಂದ ಎಂದರು. ದಿಬ್ಬ ಎಲ್ಲಿ ಎಂದು ಯಾರೂ ಕೇಳಲಿಲ್ಲ.

ದಕ್ಷಿಣದ ತುದಿ

ನಾಲ್ಕನೇ ದಿನ ಲೀನಾ ನನ್ನನ್ನು ದ್ವೀಪದ ದಕ್ಷಿಣದ ತುದಿಗೆ ಕರೆದುಕೊಂಡು ಹೋದಳು. ಅಲ್ಲಿ ದೊಡ್ಡ ಮನೆಗಳಿದ್ದವು, ನಾನು ನೋಡಬೇಕೆಂದು ಆಸೆಪಟ್ಟಿದ್ದ ಗೋಡೆಯೂ ಇತ್ತು. ಎರಡಾಳೆತ್ತರದ ಗಟ್ಟಿ ಕಾಂಕ್ರೀಟು. ಕೈಯಿಂದ ತಟ್ಟಿ ನೋಡಿದೆ. ನಮಗೆ ಇಂಥದ್ದು ಬೇಕು ಎಂದುಕೊಂಡೆ.

ಆಮೇಲೆ ಗೋಡೆಯ ಆಚೆ ಬಗ್ಗಿ ನೋಡಿದೆ. ಕಡಲಿಗೆ ಇಳಿಯಲು ಒಂಬತ್ತು ಮೆಟ್ಟಿಲು ಕಟ್ಟಿದ್ದರು. ಮೂರು ಮಾತ್ರ ಕಾಣುತ್ತಿದ್ದವು. ಉಳಿದವು ನೀರಿನೊಳಗೆ. ಮೆಟ್ಟಿಲು ಇಳಿದು ನಿಲ್ಲಲು ಮರಳಿರಲಿಲ್ಲ. ಅಲೆ ನೇರ ಬಂದು ಗೋಡೆಗೆ ಹೊಡೆದು, ಹಿಂದಿರುಗುವಾಗ ಬುಡದಿಂದ ಏನನ್ನೋ ಕೆದಕಿಕೊಂಡು ಹೋಗುತ್ತಿತ್ತು. ಗೋಡೆಯ ಮೇಲೆ ಕುರ್ಚಿ ಹಾಕಿ ಗಾಳ ಹಿಡಿದು ಕುಳಿತಿದ್ದ ಒಬ್ಬ ಮುದುಕ, “ನಾನು ಮನೆ ಕೊಂಡಾಗ ಇಲ್ಲಿ ವಾಲಿಬಾಲ್ ಆಡುತ್ತಿದ್ದೆವು,” ಎಂದು ತನ್ನಷ್ಟಕ್ಕೆ ಹೇಳಿದ.

ಗೋಡೆ ಮುಗಿಯುವಲ್ಲಿ ಇನ್ನೊಂದು ಮನೆ. ಅದಕ್ಕೆ ಗೋಡೆಯಿರಲಿಲ್ಲ. ಗೋಡೆಯ ತುದಿಯಿಂದ ಶುರುವಾಗಿ ಆ ಮನೆಯ ನೆಲವನ್ನು ಕಡಲು ಒಳಕ್ಕೆ ಕಚ್ಚಿತ್ತು. ಆ ಆಕಾರವನ್ನು ನಾನು ತಪ್ಪದೆ ಗುರುತಿಸಬಲ್ಲೆ. ಬ್ಲೌಸಿಗೆ ಕಂಕುಳು ಕತ್ತರಿಸುವಾಗ ಬರುವ ತಿರುವು ಅದು. ನಮ್ಮ ಮನೆಯ ದಕ್ಷಿಣಕ್ಕೆ ಮೂರು ವರ್ಷದ ಹಿಂದೆ ಕಲ್ಲಿನ ಗೋಡೆ ಹಾಕಿದ್ದಾರೆ. ಅದು ನಮ್ಮ ಬೇಲಿಯ ಹತ್ತಿರ ಮುಗಿಯುತ್ತದೆ. ಅಲ್ಲಿಂದ ನಮ್ಮ ಅಡುಗೆಮನೆಯ ತನಕ ಜೂನಿನಲ್ಲಿ ಬಿದ್ದ ತಿರುವು ಇದೇ.

ನಾನು ಇಂಜಿನಿಯರಲ್ಲ. ನೋಡಿದ್ದನ್ನು ಮಾತ್ರ ಬರೆಯುತ್ತಿದ್ದೇನೆ. ನಮಗೆ ಗೋಡೆ ಬಂದರೆ ನಮ್ಮ ಉತ್ತರದ ಬೇಲಿಯ ಆಚೆಗಿನವರ ಅಡುಗೆಮನೆಗೆ ಏನಾಗುತ್ತದೆ ಎಂಬ ಪ್ರಶ್ನೆ ಅಲ್ಲಿ ಬಿಸಿಲಲ್ಲಿ ನಿಂತಾಗ ಮೊದಲ ಸಲ ಬಂತು. ಆ ಪ್ರಶ್ನೆಯ ಮೇಲೆ ನನಗೆ ಸಿಟ್ಟೂ ಬಂತು. ನನಗೆ ಗೋಡೆ ಬೇಕಾಗಿತ್ತು.

ಆರನೇ ದಿನ

ಲೀನಾ ಊಟದ ಮೇಜಿನ ಮೇಲೆ ಮಾತೆ ಮರಿಯಳ ಸಣ್ಣ ಪ್ರತಿಮೆ ಇಟ್ಟಿದ್ದಳು. ದಿನಾ ಅಂಗಡಿಯ ಹೂ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಂದ ಆ ಹೂಗಳಿಗೆ ವಾಸನೆಯಿಲ್ಲ. ಹಬ್ಬ ಹತ್ತಿರವಾಗುತ್ತಿತ್ತು, ತೆನೆಯಿರಲಿಲ್ಲ. ಮೂವತ್ತು ಹೆಜ್ಜೆ ದೂರದಲ್ಲಿ ದಿಬ್ಬದ ಮೇಲೆ ಸಾವಿರ ತೆನೆ ತೂಗುತ್ತಿತ್ತು.

ಆರನೇ ದಿನ ಬೆಳಿಗ್ಗೆ ಲೀನಾ ಸ್ನಾನಕ್ಕೆ ಹೋದಾಗ ನಾನು ನೂಲು ಕತ್ತರಿಸುವ ಕತ್ತರಿ ತೆಗೆದುಕೊಂಡು ಹಲಗೆಯ ದಾರಿಯಲ್ಲಿ ಹೋದೆ. ಹಗ್ಗದ ಮೇಲಿಂದ ಬಗ್ಗಿ ಐದು ತೆನೆ ಕತ್ತರಿಸಿದೆ. ಕಾಳು ಚಪ್ಪಟೆ, ಭತ್ತಕ್ಕಿಂತ ಅಗಲ. ಸಾಕು, ಮಾತೆ ಮರಿಯಳಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಒಂದು ಹಿಡಿ ಅಡುಂಬು ಹೂವನ್ನೂ ಕಿತ್ತೆ. ನಾವು ಚಿಕ್ಕವರಿದ್ದಾಗ ನೊವೆನಾಕ್ಕೆ ಯಾರ ಬೇಲಿಯ ಹೂ ಕಿತ್ತರೂ ಯಾರೂ ಬೈಯುತ್ತಿರಲಿಲ್ಲ.

“ಎಷ್ಟು ಕಿತ್ತಿರಿ?”

ದಾರಿಯ ಕೆಳಗೆ ಪಕ್ಕದ ಮನೆಯ ಮಾರ್ಗರೆಟ್ ನಿಂತಿದ್ದರು. ಎಪ್ಪತ್ತು ದಾಟಿದವರು, ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು. ದಿನಾ ಬೆಳಿಗ್ಗೆ ದಿಬ್ಬದ ಹಗ್ಗಗಳನ್ನು ನೋಡಿಕೊಂಡು ಬರುವುದು ಅವರು ಸ್ವಇಚ್ಛೆಯಿಂದ ಮಾಡುವ ಕೆಲಸ. ಬಸ್ಸಿನ ಕನ್ನಡಿಯಲ್ಲಿ ಮಕ್ಕಳನ್ನು ನೋಡಿದಂತೆ ನನ್ನನ್ನು ನೋಡುತ್ತಿದ್ದರು.

“ಐದು,” ಎಂದೆ.

“ಅದನ್ನು ಕೀಳುವುದು ಇಲ್ಲಿ ಅಪರಾಧ. ಫಲಕ ಇದೆ.”

ಫಲಕ ಇತ್ತು. ದಿನಾ ಅದರ ಪಕ್ಕದಲ್ಲೇ ನಡೆದಿದ್ದೆ. ಅವರು ಜೇಬಿನಿಂದ ಫೋನ್ ತೆಗೆದರು. ಅಷ್ಟರಲ್ಲಿ ಲೀನಾ ಒದ್ದೆ ಕೂದಲಿನಲ್ಲೇ ಓಡಿ ಬಂದಳು. ನನ್ನ ಕೈ ನೋಡಿ ಅವಳ ಮುಖ ಬಿಳಿಚಿಕೊಂಡಿತು.

“ಎಂತ ಮಾಡಿದ್ದು ನೀನು? ಹನ್ನೊಂದು ವರ್ಷ ಆಯ್ತು ನಾನು ಈ ದೇಶಕ್ಕೆ ಬಂದು. ಒಂದು ಪಾರ್ಕಿಂಗ್ ಚೀಟಿ ಬರ್ಲಿಲ್ಲ ನನ್ನ ಮೇಲೆ!”

“ತೆನೆ ಹಬ್ಬಕ್ಕೆ…”

“ಹಬ್ಬಕ್ಕೆ ಕಳ್ಳತನದ ತೆನೆಯಾ ಮಾರಾಯ್ತಿ?”

ನಾನು ನನ್ನ ಅಂಗಡಿಯ ಇಂಗ್ಲಿಷಿನಲ್ಲಿ ಮಾರ್ಗರೆಟ್ ಅವರಿಗೆ ಎಲ್ಲ ಹೇಳಿದೆ. ಹಬ್ಬ, ಭತ್ತ, ವಿಮಾನ ನಿಲ್ದಾಣದಲ್ಲಿ ಹೋದ ಐದು ತೆನೆ. ಅವರು ಕೊನೆಯವರೆಗೂ ಕೇಳಿ ಫೋನನ್ನು ಜೇಬಿಗೆ ಹಾಕಿದರು. ತೆನೆಗಳನ್ನು ತೆಗೆದುಕೊಂಡು ಒಂದೊಂದು ಕಾಳನ್ನೂ ಬೆರಳಿನಿಂದ ಬಿಡಿಸಿ ಹಗ್ಗದ ಒಳಗಿನ ಮರಳಿಗೆ ಉದುರಿಸಿದರು.

“ಇವುಗಳಲ್ಲಿ ಒಂದೂ ಮೊಳೆಯದೆ ಹೋಗಬಹುದು,” ಎಂದರು. “ಎಂಟಕ್ಕೆ ನಾವು ಸಸಿ ನೆಡುತ್ತೇವೆ. ಐದು ಕಿತ್ತಿದ್ದೀರಿ, ಐವತ್ತು ನೆಡಿ.”

ಎಂಟು ಎಂದರೆ ಹಬ್ಬದ ದಿನ. ಅದು ಅವರಿಗೆ ಗೊತ್ತಿರಲಿಲ್ಲ.

ಹೊರಡುವಾಗ ಅವರು ಉತ್ತರದ ಕಡೆ ಕೈ ತೋರಿಸಿದರು. ಅಲ್ಲಿ ಸಾಲಾಗಿ ಮರದ ಬೊಡ್ಡೆಗಳಿದ್ದವು. ಹತ್ತಿರ ಹೋದಾಗ ಬಿದ್ದ ಸೂಜಿ ಎಲೆಗಳಿಂದ ಗುರುತಾಯಿತು, ನಮ್ಮ ಗಾಳಿ ಮರ. ನಾನೇ ನಮ್ಮ ಅಂಗಳದ ಅಂಚಿನಲ್ಲಿ ಹನ್ನೊಂದು ನೆಟ್ಟಿದ್ದೆ. ಹೊರಗಿನಿಂದ ತಂದು ನೆಟ್ಟ ಮರ, ಬೇರು ಮೇಲೆಯೇ ಹರಡುತ್ತದೆ, ಅಡಿಯಲ್ಲಿ ಏನನ್ನೂ ಬೆಳೆಯಲು ಬಿಡುವುದಿಲ್ಲ, ಅದಕ್ಕೇ ಕಡಿದೆವು ಎಂದರು ಮಾರ್ಗರೆಟ್. ನನ್ನ ಹನ್ನೊಂದು ಮರಗಳೂ ಜೂನಿನಲ್ಲಿ ಬೇರು ಸಮೇತ ಮಗುಚಿದ್ದವು. ಬೇರು ಚಾಪೆಯ ಹಾಗೆ ಚಪ್ಪಟೆಯಾಗಿತ್ತು. ಆಗ ಅದಕ್ಕೆ ಅರ್ಥ ಹುಡುಕುವಷ್ಟು ಮನಸ್ಸು ನೆಟ್ಟಗಿರಲಿಲ್ಲ.

ಗಾಳಿ

ಏಳನೇ ದಿನ ದ್ವೀಪ ಬಿಡಬೇಕೆಂದು ಎಲ್ಲರ ಫೋನಿಗೂ ಸೂಚನೆ ಬಂತು. ಚಂಡಮಾರುತ ದೂರದಲ್ಲೇ ಹಾದು ಹೋಗುತ್ತದೆ, ಆದರೆ ನೀರು ಏರುತ್ತದೆ ಎಂದಿತ್ತು. ನನ್ನ ಪೆಟ್ಟಿಗೆ ಬಂದ ದಿನದಿಂದಲೂ ಕಟ್ಟಿಯೇ ಇತ್ತು. ಲೀನಾ ಕಿಟಕಿಗಳಿಗೆ ಹಲಗೆ ಮುಚ್ಚಿ, ಪ್ರತಿಮೆಯನ್ನು ಟವೆಲಿನಲ್ಲಿ ಸುತ್ತಿ, ಫ್ರಿಜ್ಜಿನ ಮೇಲಿದ್ದ ಪತ್ರವನ್ನೂ ತೆಗೆದುಕೊಂಡಳು. ಸೇತುವೆಯ ಮೇಲೆ ಕಾರುಗಳು ಸಾಲಾಗಿ ನಿಧಾನವಾಗಿ ಹೋಗುತ್ತಿದ್ದವು. ಒಂದೂ ಹಾರ್ನ್ ಇಲ್ಲ. ನನಗೆ ಆ ಮೌನ ಇನ್ನೂ ಹೆಚ್ಚು ಭಯ ಹುಟ್ಟಿಸಿತು. ಹೆದರಿದಾಗ ಕೂಗುವ ಜನರ ನಡುವೆ ಬೆಳೆದವಳು ನಾನು.

ಅವಳ ಜೊತೆ ಕೆಲಸ ಮಾಡುವ ನರ್ಸ್ ಒಬ್ಬಳ ಮನೆಯಲ್ಲಿ ಎರಡು ದಿನ ಇದ್ದೆವು. ನಾನು ಗೋಡೆಗೆ ಬೆನ್ನು ಕೊಟ್ಟೇ ಕುಳಿತೆ. ನೆಲದಲ್ಲಿ ಎಲ್ಲಿ ಗೆರೆ ಕಂಡರೂ ಬೆರಳಿನಿಂದ ಮುಟ್ಟಿ ನೋಡಿದೆ.

ಒಂಬತ್ತನೇ ದಿನ ಮಧ್ಯಾಹ್ನ ಹಿಂದಿರುಗಲು ಬಿಟ್ಟರು. ರಸ್ತೆಯ ಮೇಲೆ ಮರಳು ಹರಡಿತ್ತು. ಮನೆಯ ಕಂಬಗಳು ಹದಿನಾರೂ ಇದ್ದವು. ಹಲಗೆಯ ದಾರಿ ಮಾತ್ರ ಅರ್ಧಕ್ಕೆ ನಿಂತಿತ್ತು. ಅದರ ತುದಿಯಿಂದ ಕೆಳಗೆ ನೋಡಿದೆ. ಐವತ್ತೆರಡು ಹೆಜ್ಜೆಯ ದಿಬ್ಬದಲ್ಲಿ ಇಪ್ಪತ್ತು ಹೆಜ್ಜೆ ಹೋಗಿತ್ತು. ಬ್ರೆಡ್ ಕತ್ತರಿಸಿದಂತೆ ನೇರವಾಗಿ ಕಡಿದಿತ್ತು. ಕಡಿದ ಮುಖದಲ್ಲಿ ಹುಲ್ಲಿನ ಬೇರುಗಳು ನನ್ನ ಎತ್ತರಕ್ಕಿಂತ ಉದ್ದಕ್ಕೆ, ಹೊಲಿಗೆ ಬಿಚ್ಚಿದ ನೂಲಿನ ಹಾಗೆ ನೇತಾಡುತ್ತಿದ್ದವು. ಹಿಂದಿನ ಮೂವತ್ತೆರಡು ಹೆಜ್ಜೆ ಇದ್ದಲ್ಲೇ ಇತ್ತು. ಅದರ ಹಿಂದೆ ಮನೆ ಇತ್ತು, ಮನೆಯೊಳಗೆ ಅಡುಗೆಮನೆ ಇತ್ತು.

ದಕ್ಷಿಣದ ತುದಿಯಲ್ಲಿ ಗೋಡೆ ನಿಂತಿತ್ತಂತೆ. ಮೆಟ್ಟಿಲು ಹೋಗಿತ್ತು, ಕಂಕುಳ ತಿರುವಿನಲ್ಲಿದ್ದ ಮನೆಯ ಜಗಲಿ ಹೋಗಿತ್ತು.

ಮಾರ್ಗರೆಟ್ ಒಂದು ಕೋಲು ಹಿಡಿದು ಕಡಿದ ಮುಖವನ್ನು ಅಳೆಯುತ್ತಿದ್ದರು. ಅವರಿಗೆ ದುಃಖವಾಗಿರಬೇಕೆಂದುಕೊಂಡೆ.

“ಹೋದ ಮರಳು ಕಡಲಿನಲ್ಲೇ ಹತ್ತಿರ ಇರುತ್ತದೆ,” ಎಂದರು. “ನಿಧಾನವಾಗಿ ಹಿಂದೆ ಬರುತ್ತದೆ. ಹಿಡಿದುಕೊಳ್ಳಲು ಹುಲ್ಲಿರಬೇಕು ಅಷ್ಟೇ. ನಿಮ್ಮ ಊರಿನ ಮನೆಯೂ ಕಡಲ ಬದಿಯಲ್ಲೇ ಅಂತೆ, ಅದರ ಮುಂದೆ ದಿಬ್ಬ ಎಷ್ಟು ಎತ್ತರ?”

ನಾನು ಬಟ್ಟೆ ಹೊಲಿಯುವಾಗ ಒಳಗೆ ಒಂದೂವರೆ ಇಂಚು ಬಟ್ಟೆ ಬಿಡುತ್ತೇನೆ. ಹೊರಗೆ ಕಾಣುವುದಿಲ್ಲ. ಮೈ ಬೆಳೆದಾಗ ಬಿಚ್ಚಿಕೊಳ್ಳಲು ಅದೇ ಬೇಕು. ಒಳಬಟ್ಟೆ ಬಿಡದೆ ಹೊಲಿಯುವವಳನ್ನು ನಾನು ದರ್ಜಿ ಎನ್ನುವುದಿಲ್ಲ. ನಮ್ಮ ಮನೆಗೆ ಬಿಟ್ಟಿದ್ದ ಒಳಬಟ್ಟೆಯನ್ನು ನಾನೇ ಕತ್ತರಿಸಿ ಎಸೆದಿದ್ದೆ.

“ಇಲ್ಲ,” ಎಂದೆ. “ನಾನು ತೆಗೆಸಿದೆ.” ಆಮೇಲೆ ಲೀನಾಳ ಕಡೆ ತಿರುಗಿ ನಮ್ಮ ಮಾತಿನಲ್ಲಿ ಹೇಳಿದೆ. ಜೆಸಿಬಿ, ಅರ್ಧ ದಿನ, ಚಪ್ಪರ.

ಲೀನಾ ಕಡಿದ ಮುಖದಲ್ಲಿ ನೇತಾಡುತ್ತಿದ್ದ ಒಂದು ಬೇರನ್ನು ಬೆರಳಿಗೆ ಸುತ್ತಿಕೊಂಡಳು.

“ರೋಸಿಗೆ ಚಂದ ಕಾಣ್ಲಿಕ್ಕೆ?”

“ಹೌದು.”

“ಚಂದ ಕಂಡಿತಾ?”

“ಕಂಡಿತು.”

“ಫೋಟೋ ನಾನು ಫ್ರೇಮ್ ಹಾಕಿಸಿ ಇಟ್ಟಿದ್ದೇನೆ ಅಕ್ಕ,” ಎಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ನಾನು ನೋಡಲಿಲ್ಲ.

ಹಬ್ಬ

ನೆಡುವ ಕೆಲಸವನ್ನು ಅವರು ಮುಂದೂಡಲಿಲ್ಲ. ಬೆಳಿಗ್ಗೆ ಇಪ್ಪತ್ತು ಮಂದಿ ಬಂದಿದ್ದರು. ಹೆಚ್ಚಿನವರು ನನಗಿಂತ ಹಿರಿಯರು. ಸಸಿ ಒಂದು ಮೊಳಕ್ಕಿಂತ ತುಸು ಉದ್ದ. ನಾನು ಬೆಂಡೆ ಗಿಡ ನೆಡುವ ಹಾಗೆ ಮೇಲೆ ಮೇಲೆ ನೆಟ್ಟೆ. ಮಾರ್ಗರೆಟ್ ಬಂದು ಕಿತ್ತು, ತೋಳು ಮೊಣಕೈಯ ತನಕ ಹೋಗುವಷ್ಟು ಆಳ ಮಾಡಿಸಿ, ಎಲೆಯ ತುದಿ ಮಾತ್ರ ಕಾಣುವಂತೆ ಹೂಳಿಸಿದರು. ಮರಳು ಮುಚ್ಚಿದಷ್ಟೂ ಅದು ಬೇರು ಬಿಟ್ಟು ಮೇಲೆ ಬರುತ್ತದಂತೆ. ಮುಚ್ಚದಿದ್ದರೆ ಸೊರಗುತ್ತದಂತೆ.

ಮೂವತ್ತನೆಯ ಸಸಿಯ ಹೊತ್ತಿಗೆ ಲೀನಾ, “ನಿನ್ನ ಕೈ ನೋಡು,” ಎಂದಳು.

ನೋಡಿದೆ. ನಡುಗುತ್ತಿರಲಿಲ್ಲ.

ಮಧ್ಯಾಹ್ನ ತೆಂಗಿನ ಹಾಲಿನ ಪಾಯಸ ಮಾಡಿದೆವು. ಹಾಕಲು ಹೊಸ ಕಾಳಿರಲಿಲ್ಲ. ಮಾರ್ಗರೆಟ್ ಕೂಡ ಬಂದಿದ್ದರು, ಎರಡು ಸಲ ಹಾಕಿಸಿಕೊಂಡರು. ಅವರು ಹೋದ ಮೇಲೆ ಲೀನಾ ಪತ್ರವನ್ನೂ ಪೆನ್ನನ್ನೂ ನನ್ನ ಮುಂದಿಟ್ಟಳು.

“ನೀನು ಹೇಳಿದ ಹಾಗೆ. ನೀನಿರುವ ಮನೆ ಅದು, ನಾನು ಇಲ್ಲಿ. ಮಾಡು ಅಂದ್ರೆ ಮಾಡ್ತೇನೆ.”

“ಬೇಡ,” ಎಂದೆ.

“ಹಮೀದಾಕನಿಗೆ ಎಂತ ಹೇಳ್ತೀ?”

“ದಾರಿಯಲ್ಲಿ ಯೋಚನೆ ಮಾಡ್ತೇನೆ.”

ವಿಮಾನದಲ್ಲಿ ಇಪ್ಪತ್ತೆರಡು ಗಂಟೆ ಯೋಚನೆ ಮಾಡಿದೆ. ಹಿಂದಿರುಗುವಾಗ ಪ್ರಾರ್ಥನೆಯ ಪುಸ್ತಕದಲ್ಲಿ ಅಲ್ಲಿಯ ಬೀಜ ಯಾವುದೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ನಮ್ಮ ಬಳ್ಳಿ ನಮ್ಮ ಊರಿನಲ್ಲೇ ಇದೆ.

ಮನೆ

ಹಮೀದಾಕ ಸಹಿಯಿಲ್ಲದ ಪತ್ರವನ್ನು ತಿರುಗಿಸಿ, ಹಿಂಬದಿಯಲ್ಲಿ ಇದೆಯೋ ಎಂದು ನೋಡಿದರು.

“ತಂಗಿ ಒಪ್ಪಲಿಲ್ವಾ?”

“ನಾನು ಒಪ್ಪಲಿಲ್ಲ.”

ಅವರು ಸಿಟ್ಟಾದರು. ಆಗಲೇಬೇಕಿತ್ತು. ಎರಡು ವರ್ಷ ಓಡಾಡಿದವರು ಅವರು. ನಮ್ಮ ಮನೆ ಹೋದರೆ ಮುಂದಿನದು ಅವರದ್ದೇ. “ಅಮೆರಿಕಕ್ಕೆ ಹೋಗಿ ಹುಲ್ಲು ನೋಡಿ ಬಂದ್ರಾ ಬಾಯಮ್ಮ? ನಿಮ್ಮ ಹುಲ್ಲನ್ನು ಕಡಲು ಒಂದು ಬಾಯಿಗೆ ತಿಂತದೆ!”

“ತಿನ್ನಬಹುದು. ಎದುರಿನ ಜಾಗ ಪೂರಾ ದಿಬ್ಬಕ್ಕೇ ಬಿಟ್ಟುಕೊಡ್ತೇನೆ. ಅಡುಗೆಮನೆಯನ್ನು ನದಿಯ ಬದಿಗೆ ಕಟ್ಟಿಸ್ತೇನೆ. ಎರಡು ಮಳೆಗಾಲ ಕೊಡಿ ಹಮೀದಾಕ. ಆಗದಿದ್ರೆ ಇಬ್ಬರ ಸೈನನ್ನೂ ನಾನೇ ತಂದು ಕೊಡ್ತೇನೆ.”

“ಕಡಲು ನಿಮ್ಮನ್ನು ಕೇಳಿ ಬರ್ತದಾ?”

“ಅದು ನಿಮ್ಮ ಕಲ್ಲನ್ನೂ ಕೇಳುವುದಿಲ್ಲ. ದಿಬ್ಬ ತೆಗೆಸಿದ್ದು ನಾನು. ಕಟ್ಟುವುದೂ ನಾನೇ.”

ಅವರು ಪತ್ರವನ್ನು ಮಡಚಿ ಅಂಗಿಯ ಜೇಬಿಗೆ ಹಾಕಿ ಹೋದರು. ಹರಿದು ಹಾಕಲಿಲ್ಲ. ಒಂದು ತಿಂಗಳು ಮಾತಾಡಲಿಲ್ಲ.

ದೇರೆಬೈಲಿನಿಂದ ಸಾಮಾನು ತಂದೆ. ಒಡೆದ ಗೋಡೆಯನ್ನು ಮುಚ್ಚಿಸಿದೆ. ಮಳೆ ನಿಂತ ಮೇಲೆ ಕಡಲು ಒಯ್ದ ಮರಳನ್ನು ಸ್ವಲ್ಪ ಸ್ವಲ್ಪವಾಗಿ ತಂದು ಹಾಕಿತು. ಪ್ರತಿ ವರ್ಷವೂ ತರುತ್ತಿತ್ತಂತೆ, ಆ ಕಡೆ ನಾನು ಕಣ್ಣು ಹಾಯಿಸಿದವಳೇ ಅಲ್ಲ. ಉತ್ತರದ ಕಡೆ ಯಾರೂ ಕೀಳದೆ ಉಳಿದಿದ್ದ ಅಡುಂಬು ಬಳ್ಳಿಯ ತುಂಡುಗಳನ್ನು, ರಾವಣನ ಮೀಸೆ ಎಂದು ನಾವು ಕರೆಯುವ ಮುಳ್ಳು ಹುಲ್ಲಿನ ಗಡ್ಡೆಗಳನ್ನು ತಂದು ಮೊಣಕೈ ಆಳಕ್ಕೆ ನೆಟ್ಟೆ. ಯಾರೂ ತುಳಿಯದಂತೆ ಸುತ್ತ ಕಟ್ಟಲು ಹಗ್ಗ ಬೇಕಿತ್ತು. ಒಂದು ಬೆಳಿಗ್ಗೆ ಬಾಗಿಲು ತೆಗೆದಾಗ ಮೆಟ್ಟಿಲ ಮೇಲೆ ಹಳೆಯ ಬಲೆಯ ಹಗ್ಗದ ಎರಡು ಸುತ್ತು ಇತ್ತು. ಯಾರು ಇಟ್ಟದ್ದೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈಗ ಮೇ ತಿಂಗಳ ಕೊನೆ. ಪಶ್ಚಿಮದಲ್ಲಿ ಮೋಡ ಕೂಡುತ್ತಿದೆ. ಬಳ್ಳಿಯ ನಡುವೆ ನೆಟ್ಟ ಕೋಲಿನಲ್ಲಿ ಮರಳು ಒಂಬತ್ತು ಇಂಚು ಏರಿದೆ. ಹೋದ ದಿಬ್ಬ ಐವತ್ತೆರಡು ಇಂಚಿನದು, ನನ್ನ ಭುಜದ ಎತ್ತರ. ನಿನ್ನೆ ಸಂಜೆ ಟೇಪು ಹಿಡಿದು ಅಳೆಯುತ್ತಿದ್ದಾಗ ಹಮೀದಾಕ ತಮ್ಮ ದೋಣಿಯನ್ನು ಕಟ್ಟಿ ಬಂದು ಪಕ್ಕದಲ್ಲಿ ನಿಂತರು.

“ಎಷ್ಟು?”

“ಒಂಬತ್ತು.”

“ಒಂಬತ್ತು ಇಂಚಿಗೆ ಕಡಲು ಹೆದರ್ತದಾ ಬಾಯಮ್ಮ?”

“ಹೆದರುವುದಿಲ್ಲ.”

“ಮತ್ತೆ?”

“ಇದರಲ್ಲಿ ಐದು ಹೋದರೂ ನಾಲ್ಕು ಉಳೀತದೆ. ನಾಲ್ಕರಿಂದ ಶುರು ಮಾಡ್ತೇನೆ.”

ಅವರು ಮೋಡ ನೋಡಿದರು, ಟೋಪಿ ಸರಿಮಾಡಿಕೊಂಡರು, ಮನೆಯ ಕಡೆ ಹೊರಟರು. ಹಗ್ಗ ದಾಟಿ ಬಳ್ಳಿಯ ಮೇಲಿಂದ ಹೋದರೆ ಅವರ ಗೇಟಿಗೆ ಹದಿನೈದು ಹೆಜ್ಜೆ. ನಲವತ್ತು ವರ್ಷ ಅವರು ಹೋದದ್ದು ಅದೇ ದಾರಿಯಲ್ಲಿ. ಹಗ್ಗವನ್ನು ಸುತ್ತಿ ಹೋದರೆ ಐವತ್ತನಾಲ್ಕು.

ಅವರು ಸುತ್ತಿ ಹೋದರು. ನಾನು ನಿಂತು ಎಣಿಸಿದೆ.